ತಪಾಸಣೆಯ ಸ್ನಾನ

ನಮ್ಮ ಅತ್ತೆಗೆ ಎರಡು ಮನೆ. ಒಂದು ಆಸ್ಪತ್ರೆಯ ಹಿಂದಿನ ಓಣಿಯಲ್ಲಿರುವ ನಮ್ಮ ಮನೆ, ಇನ್ನೊಂದು ಆಸ್ಪತ್ರೆಯ ಮೊದಲ ಮಹಡಿಯ ಹೆರಿಗೆ ವಾರ್ಡು. ಎರಡರಲ್ಲೂ ನಾನು ಅವರ ಕೈಕೆಳಗೇ. ಬೇರೆ ಹೆಣ್ಣುಮಕ್ಕಳು ಅತ್ತೆಯಿಂದ ನಾಲ್ಕು ಗಳಿಗೆ ತಪ್ಪಿಸಿಕೊಳ್ಳೋಣ ಎಂದು ಕೆಲಸಕ್ಕೆ ಹೋಗುತ್ತಾರೆ. ನನ್ನ ಹಣೆಬರಹ ನೋಡಿ, ಬೆಳಗಾದರೆ ನರ್ಸಿನ ಯೂನಿಫಾರ್ಮು ತೊಟ್ಟು ಅದೇ ಅತ್ತೆಯ ಹಿಂದೆ ಓಣಿ ದಾಟಬೇಕು. ಗೇಟಿನವರೆಗೆ ಅವರು ಅತ್ತೆ, ಗೇಟು ದಾಟಿದರೆ ಹೆಡ್ ಸಿಸ್ಟರ್. ಒಮ್ಮೆ ವಾರ್ಡಿನಲ್ಲಿ ಬಾಯಿತಪ್ಪಿ ‘ಅತ್ತೆ’ ಎಂದುಬಿಟ್ಟಿದ್ದಕ್ಕೆ, “ಇಲ್ಲಿ ಯಾರಮ್ಮ ನಿಂಗೆ ಅತ್ತೆ?” ಎಂದು ಬಾಣಂತಿಯರ ಎದುರೇ ಝಾಡಿಸಿದ್ದರು.

ಆದರೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಂದು ಉಸಿರಾಡುತ್ತಿದ್ದರೆ ಅದು ಈ ಎರಡು ಮನೆಗಳ ನಡುವೆ ಒಂದೇ ಒಂದು ಓಣಿ ಇದ್ದುದರಿಂದ. ನನ್ನ ಮೊದಲ ಬಸಿರಿನಲ್ಲಿ ದಿನ ತುಂಬುವ ಮೊದಲೇ ಅಡುಗೆಮನೆಯಲ್ಲಿ ರಕ್ತ ಹೋಗಲು ಶುರುವಾಯಿತು. ಗಂಡನ ಕೆಲಸ ಊರೂರು ತಿರುಗುವುದು, ಅಂದೂ ಅವರಿರಲಿಲ್ಲ. ಅತ್ತೆ ನನ್ನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಓಡಿದರು. ಮಗು ಉಳಿಯಲಿಲ್ಲ, ನಾನು ಉಳಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ನಾನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಈಗ ಮತ್ತೆ ಬಸುರಿ. “ಈ ಸಲಾನೂ ಹಾಗೇ ಆಗಬಹುದು. ದೂರ ಎಲ್ಲೂ ಹೋಗಬೇಡಿ, ವಾರ್ಡಿನ ಹತ್ತಿರಾನೇ ಇರಿ” ಎಂದು ಅದೇ ಡಾಕ್ಟರು ಎಚ್ಚರಿಸಿದ್ದರು.

ಹತ್ತಿರವೇ ಇದ್ದೆ. ದೂರ ಹೋಗಲು ಹೊರಟಿದ್ದು ವಾರ್ಡೇ.

ಆಸ್ಪತ್ರೆ ಕಟ್ಟಿದ ದೊಡ್ಡ ಡಾಕ್ಟರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಅದು ಬೇಡವಾಯಿತು. ಹತ್ತಾರು ಆಸ್ಪತ್ರೆಗಳಿರುವ ಒಂದು ಕಂಪನಿ ಕೊಳ್ಳಲು ಮುಂದೆ ಬಂತು. ಹೆರಿಗೆ ವಾರ್ಡು ಕಿತ್ತುಹಾಕಿ ಅಲ್ಲಿ ಮಂಡಿ ಚಿಪ್ಪು ಬದಲಿಸುವ ವಿಭಾಗ ಮಾಡುತ್ತಾರಂತೆ ಎಂದು ಕ್ಯಾಂಟೀನಿನಲ್ಲಿ ಗುಸುಗುಸು. ಹಾಗೇನಾದರೂ ಆದರೆ ಮುಂದಿನ ಹೆರಿಗೆ ಆಸ್ಪತ್ರೆ ಹೊಳೆಯ ಆಚೆ. ಆ ಸೇತುವೆಯ ಮೇಲೆ ಆಂಬುಲೆನ್ಸುಗಳು ಸೈರನ್ ಹಾಕಿಕೊಂಡೇ ನಿಂತಿರುವುದನ್ನು ನಾನೇ ನೋಡಿದ್ದೇನೆ. ರಾತ್ರಿ ಮಗ್ಗುಲು ಬದಲಿಸಿದರೆ ಸಾಕು, ಆ ಸೇತುವೆ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. ಹಗಲಿನಲ್ಲಿ ಹೊಟ್ಟೆಯೊಳಗೆ ಸಣ್ಣಗೆ ಏನಾದರೂ ಹಿಡಿದುಕೊಂಡರೂ ಮೊದಲು ಬಚ್ಚಲಿಗೆ ಓಡಿ ಬಟ್ಟೆ ನೋಡಿಕೊಳ್ಳುತ್ತಿದ್ದೆ.

ಆದರೆ ಆಸ್ಪತ್ರೆಯನ್ನು ಸೈಟು ಮಾರಿದ ಹಾಗೆ ಮಾರಲು ಬರುವುದಿಲ್ಲವಂತೆ. ಕೈ ಬದಲಾಗುವ ಮೊದಲು ಸರ್ಕಾರದ ಆರೋಗ್ಯ ಇಲಾಖೆ ಬಂದು ನೋಡಿ ಒಪ್ಪಿಗೆ ಕೊಡಬೇಕು. ಒಂದು ದಿನ ಮ್ಯಾನೇಜರು ವಾರ್ಡಿನ ಬಾಗಿಲಲ್ಲಿ ತಲೆ ಹಾಕಿದರು.

“ನಾಳಿದ್ದು ಇಲಾಖೆಯವರು ತಪಾಸಣೆಗೆ ಬರ್ತಾರೆ. ವಾರ್ಡು ಚೊಕ್ಕಟವಾಗಿರ್ಲಿ ಸಿಸ್ಟರ್. ನಿಮಗೆ ನಾನು ಹೇಳ್ಕೊಡಬೇಕಾ?”

ಅಷ್ಟೇ ಹೇಳಿ ಹೊರಟುಹೋದರು. ಅವರಿಗೆ ಎಲ್ಲ ಗೊತ್ತಿತ್ತೋ ಏನೂ ಗೊತ್ತಿರಲಿಲ್ಲವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅತ್ತೆಗಂತೂ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಹಿಂದೊಮ್ಮೆ ತಪಾಸಣೆಗೆ ಬಂದವರು, ಪರವಾನಗಿಗಿಂತ ಹೆಚ್ಚು ಮಂಚ ಹಾಕಿದ್ದೀರಿ, ಕಾರಿಡಾರಿನಲ್ಲಿ ಬಾಣಂತಿ ಮಲಗಿಸಿದ್ದೀರಿ, ಇದೇನು ಸಂತೆಯೋ ವಾರ್ಡೋ ಎಂದು ಎಲ್ಲರ ಮುಂದೆ ಅವರ ಮುಖದ ನೀರಿಳಿಸಿದ್ದರು. ಅಂದಿನಿಂದ ಯಾವ ತಪಾಸಣೆಯೆಂದರೂ ಅತ್ತೆಯದು ಒಂದೇ ಕ್ರಮ. ಮನೆಗೆ ಹೋಗಬಹುದಾದವರನ್ನು ಮನೆಗೆ ಕಳಿಸುವುದು. ದಿನ ತುಂಬಿದ್ದರೂ ನೋವು ಬಾರದವರಿಗೆ ನಾಳೆ ಬನ್ನಿ ಎನ್ನುವುದು. ಹೆಚ್ಚುವರಿ ಮಂಚಗಳನ್ನು ತಾರಸಿಗೆ ಸಾಗಿಸುವುದು. ಆಮೇಲೆ ನೆಲ, ಗೋಡೆ, ಕಿಟಕಿಯ ಸರಳು, ಎಲ್ಲವನ್ನೂ ಉಜ್ಜಿ ಉಜ್ಜಿ ತೊಳೆಯುವುದು. ನಾವು ಅದಕ್ಕೆ ‘ತಪಾಸಣೆಯ ಸ್ನಾನ’ ಎಂದು ಹೆಸರಿಟ್ಟಿದ್ದೆವು, ಅವರ ಬೆನ್ನ ಹಿಂದೆ.

ಈ ಸಲದ ಸ್ನಾನ ಹಿಂದೆಂದೂ ಆಗದಂಥದ್ದು. ತಪ್ಪು ಕಂಡರೆ ಅದನ್ನೇ ನೆವ ಮಾಡಿಕೊಂಡು ವಾರ್ಡು ಮುಚ್ಚಿಸುತ್ತಾರೆ ಎಂಬ ಭಯ ಅತ್ತೆಗೆ. “ಒಂದು ಕಲೆ ಕಂಡರೂ ಮುಗೀತು ನಮ್ಮ ಕಥೆ” ಎಂದು ಅವರೇ ಮಂಡಿಯೂರಿ ಮೂಲೆ ಉಜ್ಜಿದರು. ನಾನು ಬಗ್ಗಲು ಹೋದರೆ, “ಹೊಟ್ಟೆ ಹೊತ್ಕೊಂಡು ಬಗ್ಗಬೇಡ ಅಂತ ಎಷ್ಟು ಸಲ ಬಡ್ಕೋಬೇಕು? ಹೋಗಿ ದಿಂಬಿನ ಕವರ್ ಹಾಕು” ಎಂದು ಗದರಿದರು. ನಾನೂ ಬಾಯಿ ಮುಚ್ಚಿಕೊಂಡು ಹಾಕಿದೆ. ನನಗೂ ಭಯವೇ ಇತ್ತು. ಹೀಗೆ ಮಾಡುವುದು ಸರಿಯೇ ಎಂದು ನನಗಾದರೂ ಹೊಳೆಯಬಾರದಿತ್ತೇ?

ತಪಾಸಣೆಯ ಬೆಳಿಗ್ಗೆ ಇಬ್ಬರು ಮಾತ್ರ ಉಳಿದಿದ್ದರು. ಒಬ್ಬಳು ಡ್ರೈವರನ ಹೆಂಡತಿ, ಹೆರಿಗೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಇನ್ನೊಬ್ಬರು ಹಿಂದಿನ ದಿನವಷ್ಟೇ ಹೆತ್ತಿದ್ದ ಟೀಚರಮ್ಮ. ಇಬ್ಬರನ್ನೂ ಮನೆಗೆ ಕಳಿಸುವಂತಿರಲಿಲ್ಲ. ಬೇರೆ ವಾರ್ಡುಗಳಲ್ಲಿ ಜ್ವರದವರು, ಅಲ್ಲಿಗೆ ಹಸುಗೂಸುಗಳನ್ನು ಒಯ್ಯುವಂತಿರಲಿಲ್ಲ.

“ಇರ್ಲಿ ಬಿಡಿ ಸಿಸ್ಟರ್, ಇಬ್ಬರೇ ತಾನೇ” ಎಂದೆ.

“ಇಬ್ಬರಿದ್ರೆ ಎರಡು ಮಂಚದ ಹಾಸಿಗೆ ಮುದುಡುತ್ತೆ, ಬಕೆಟ್ಟು, ಬಟ್ಟೆ, ನೆಂಟರು ಎಲ್ಲಾ ಹಿಂದೇನೇ ಬರ್ತಾರೆ. ಬೇಡ.”

ಕೊನೆಗೆ ವಾರ್ಡಿನ ಪಕ್ಕದ ಬಟ್ಟೆ ಕೋಣೆಯಲ್ಲಿ, ಮಡಚಿಟ್ಟ ಹಸಿರು ಬಟ್ಟೆಗಳ ಕಪಾಟಿನ ನಡುವೆ, ಎರಡು ಹಾಸಿಗೆ ಹಾಸಿ ಬಾಣಂತಿಯರನ್ನು ಮಲಗಿಸಿದರು. ಜೊತೆಗೆ ಆಯಮ್ಮನನ್ನು ಕೂರಿಸಿ, ಯಾರೂ ಬಾಗಿಲು ತೆರೆಯದಿರಲೆಂದು ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟುಕೊಂಡರು. ಡ್ರೈವರನ ಹೆಂಡತಿಯ ಮಗುವಿಗೆ ನಾವು ‘ಸೈರನ್’ ಎಂದು ಹೆಸರಿಟ್ಟಿದ್ದೆವು. ಅದು ಹುಟ್ಟಿದಂದಿನಿಂದ ಯಾರನ್ನೂ ನಿದ್ದೆ ಮಾಡಲು ಬಿಟ್ಟಿರಲಿಲ್ಲ.

“ಆಯಮ್ಮ, ಆ ಸೈರನ್ ಬಾಯಿ ಬಿಟ್ರೆ ಕೆಟ್ವಿ” ಎಂದು ಅತ್ತೆ ಬಾಗಿಲ ಕಿಂಡಿಯಿಂದ ಪಿಸುಗುಟ್ಟಿದರು.

“ನಾನೇನು ಅದರ ಬಾಯಿಗೆ ಬಟ್ಟೆ ತುರುಕ್ಲಾ ಸಿಸ್ಟರ್? ಹಾಲು ಕುಡೀತಿದೆ, ನೋಡೋಣ ಇರಿ” ಎಂದಿತು ಒಳಗಿನ ದನಿ.

ಅಧಿಕಾರಿ ಎಂದರೆ ದಪ್ಪ ಮೀಸೆಯವರು ಯಾರೋ ಬರುತ್ತಾರೆ ಎಂದುಕೊಂಡಿದ್ದೆ. ಬಂದವರು ಸಣಕಲು ಮೈಯ ಒಬ್ಬ ಹೆಂಗಸು. ಅವರ ಹಿಂದೆ ಹೇಳಿದ್ದನ್ನು ಬರೆದುಕೊಳ್ಳುವ ಗುಮಾಸ್ತ, ಮ್ಯಾನೇಜರು, ಜೊತೆಗೆ ಕಂಪನಿಯ ಕಡೆಯವನು. ಅವನ ಕೈಯಲ್ಲಿ ಅಳತೆಯ ಟೇಪು. ಬಂದವನೇ ಕಿಟಕಿಯಿಂದ ಗೋಡೆಗೆ ಟೇಪು ಹಿಡಿದ, ಮನೆ ಕೊಂಡವನು ಪರದೆ ಅಳೆಯುವ ಹಾಗೆ. ಅವನನ್ನು ನಾನು ಮನಸ್ಸಿನಲ್ಲೇ ‘ಟೇಪಪ್ಪ’ ಎಂದು ಕರೆದೆ, ಇನ್ನೂ ಕೆಲವು ಮಾತು ಅಂದೆ, ಅವನ್ನು ಇಲ್ಲಿ ಬರೆಯುವಂತಿಲ್ಲ.

ವಾರ್ಡು ಫಳಫಳ ಹೊಳೆಯುತ್ತಿತ್ತು. ಮಂಚಗಳ ಮೇಲೆ ಒಂದೂ ಸುಕ್ಕಿಲ್ಲದ ಬಿಳಿ ಹಾಸು. ಅತ್ತೆ ಕೈಕಟ್ಟಿ ನಿಂತಿದ್ದರು. ನನ್ನ ಕಿವಿಯೆಲ್ಲ ಬಟ್ಟೆ ಕೋಣೆಯ ಕಡೆಗೆ. ಎಲ್ಲೋ ಒಂದು ಬಾಗಿಲು ಕಿರ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು.

“ಇಲ್ಲಿ ಯಾರೂ ಇಲ್ವಲ್ಲ?” ಎಂದರು ಮೇಡಂ.

“ಒಂದೂ ಹೆಚ್ಚಿನ ಮಂಚ ಇಲ್ಲ ಮೇಡಂ. ಕಾರಿಡಾರಲ್ಲೂ ನೋಡಿ, ಯಾರೂ ಇಲ್ಲ” ಎಂದರು ಅತ್ತೆ. ದನಿಯಲ್ಲಿ ಹೆಮ್ಮೆ.

ಮೇಡಂ ತಲೆಯಾಡಿಸಿದರು. ಕಿಟಕಿಯ ಬಳಿ ಹೋಗಿ ಒಂದು ಹಾಸನ್ನು ಮೆಲ್ಲಗೆ ಎತ್ತಿ ನೋಡಿದರು. ಆಮೇಲೆ ಗುಮಾಸ್ತನ ಕಡೆ ತಿರುಗಿ, “ಹೆರಿಗೆ ವಾರ್ಡು. ಬಳಕೆಯಲ್ಲಿಲ್ಲ. ಬರ್ಕೊಳ್ಳಿ” ಎಂದರು.

ಟೇಪಪ್ಪ ಮ್ಯಾನೇಜರ ಮುಖ ನೋಡಿ ಮುಗುಳ್ನಕ್ಕ. “ನಾನು ಮೊದಲೇ ಹೇಳಿದ್ನಲ್ಲ ಮೇಡಂ, ಇಲ್ಲಿಗೆ ಈಗ ಯಾರೂ ಬರಲ್ಲ ಅಂತ.”

“ಬಳಕೆಯಲ್ಲಿಲ್ಲ ಅಂದ್ರೆ ಏನು ಮೇಡಂ?” ಎಂದು ಕೇಳಿಯೇಬಿಟ್ಟೆ.

ಮೇಡಂ ಬೇಸರಿಸಲಿಲ್ಲ. “ನೋಡಮ್ಮ, ಆಸ್ಪತ್ರೆ ಕೈ ಬದಲಾಗೋ ಹೊತ್ತಿಗೆ ಯಾವ್ಯಾವ ವಿಭಾಗ ನಡೀತಾ ಇರುತ್ತೋ ಅದನ್ನ ಕೊಳ್ಳೋರು ಮುಚ್ಚೋ ಹಾಗಿಲ್ಲ, ನಡೆಸ್ಲೇಬೇಕು. ನಡೀದೇ ಇರೋದನ್ನ ಅವರು ಏನು ಬೇಕಾದ್ರೂ ಮಾಡ್ಕೋಬಹುದು. ಅದನ್ನ ನೋಡೋಕೇ ನಾನು ಬಂದಿರೋದು.”

ಅಯ್ಯೋ ದೇವರೇ! ಅವರು ಕೊಳೆ ಹುಡುಕಲು ಬಂದಿರಲಿಲ್ಲ. ಜನ ಇದ್ದಾರೆಯೇ ಎಂದು ನೋಡಲು ಬಂದಿದ್ದರು. ನಾವು ಎರಡು ದಿನ ಬೆವರು ಸುರಿಸಿ, ಕೈಯಾರೆ ನಮ್ಮ ವಾರ್ಡನ್ನು ತೊಳೆದು ಟೇಪಪ್ಪನ ಕೈಗೆ ಕೊಟ್ಟಿದ್ದೆವು. ಸೇತುವೆ ಮತ್ತೆ ಕಣ್ಣಮುಂದೆ ಬಂತು.

ಅತ್ತೆಯ ಮುಖ ನೋಡಿದೆ. ಅದು ಸುಣ್ಣ ಹೊಡೆದ ಗೋಡೆಯ ಹಾಗಾಗಿತ್ತು.

“ಮೇಡಂ, ಮೊನ್ನೆಯವರೆಗೆ ಎಲ್ಲಾ ಮಂಚಾನೂ ತುಂಬಿತ್ತು” ಎಂದರು. ನಾಲಿಗೆ ತಡವರಿಸುತ್ತಿತ್ತು. “ನಾವೇ... ನೀವು ಬರ್ತೀರಿ ಅಂತ...”

“ಹೆರಿಗೆ ಪುಸ್ತಕ ತರಿಸಿ ನೋಡಿ ಮೇಡಂ” ಎಂದು ನಾನು ಬಾಯಿ ಹಾಕಿದೆ.

“ಪುಸ್ತಕಾನ ಆಫೀಸಲ್ಲಿ ಕೂತೇ ನೋಡಬಹುದಿತ್ತಲ್ಲಮ್ಮ. ಒಂದು ಆಸ್ಪತ್ರೆಯಲ್ಲಿ ಇಲ್ಲದ ರೋಗಿಗಳ ಹೆಸರು ಪುಟಗಟ್ಟಲೆ ಬರೆದಿಟ್ಟಿದ್ರು. ಅದಕ್ಕೇ ಈಗ ಕಣ್ಣಾರೆ ಕಂಡಿದ್ದೇ ಲೆಕ್ಕ ಅಂತ ನಿಯಮ.”

“ಕೆಲಸ ಹೋಗುತ್ತೆ ಅಂತ ಪಾಪ ಗಾಬರಿ ಇವರಿಗೆ” ಎಂದು ಮ್ಯಾನೇಜರು ನಡುವೆ ಬಂದರು. “ಬನ್ನಿ ಮೇಡಂ, ಎಕ್ಸ್-ರೇ ಈ ಕಡೆ.”

ಮೇಡಂ ಬಾಗಿಲಿನತ್ತ ಹೆಜ್ಜೆ ಹಾಕಿದರು. ನನಗೆ ತಲೆ ಓಡಲಿಲ್ಲ. ಪಕ್ಕದ ಮೇಜಿನ ಮೇಲೆ ಕತ್ತರಿ ಚಿಮಟ ತುಂಬಿದ ಸ್ಟೀಲ್ ಟ್ರೇ ಇತ್ತು. ಅದನ್ನು ಎತ್ತಿ ನೆಲಕ್ಕೆ ಬಿಟ್ಟೆ. ಇಡೀ ಮಹಡಿ ಬೆಚ್ಚಿಬಿತ್ತು, ಗುಮಾಸ್ತನ ಪೆನ್ನು ಕೈಜಾರಿತು. ಸೈರನ್ ಈಗ ಕೂಗುತ್ತದೆ, ಈಗ ಕೂಗುತ್ತದೆ ಎಂದು ಉಸಿರು ಹಿಡಿದು ನಿಂತೆ. ಎಲ್ಲಿಯದು! ಹುಟ್ಟಿದಂದಿನಿಂದ ಬೀದಿ ಒಂದು ಮಾಡಿದ ಆ ಪುಣ್ಯಾತ್ಮ, ಅಂದು ಮಾತ್ರ ಕಲ್ಲಿನ ಹಾಗೆ ಮಲಗಿದ್ದ.

“ಬಸುರಿ, ಸುಸ್ತಾಗಿರಬೇಕು ಪಾಪ. ಕೂತ್ಕೊಳ್ಳಮ್ಮ” ಎಂದ ಟೇಪಪ್ಪ.

ಆ ಮಾತಿಗೆ ಅತ್ತೆ ತಿರುಗಿ ನನ್ನನ್ನು ನೋಡಿದರು. ಮುಖ ನೋಡಿ, ಹೊಟ್ಟೆ ನೋಡಿದರು. ಅವರ ಕೈ ಜೇಬಿಗೆ ಹೋಯಿತು. ಅವರು ಏನು ಮಾಡಲು ಹೊರಟಿದ್ದಾರೆ ಎಂದು ನನಗೆ ತಿಳಿಯಿತು. ಬಾಣಂತಿಯರನ್ನು, ಎಳೆಗೂಸುಗಳನ್ನು ಬಟ್ಟೆ ಕೋಣೆಯಲ್ಲಿ ಹಾಕಿ ಬೀಗ ಜಡಿದಿದ್ದಾರೆ ಎಂದರೆ ಯಾವ ಇಲಾಖೆ ಸುಮ್ಮನಿರುತ್ತದೆ? ಒಂದು ಕಲೆಯಿಲ್ಲದೆ ಇಷ್ಟು ವರ್ಷ ಕೆಲಸ ಮಾಡಿದ್ದೇನೆ ಎಂಬುದೊಂದೇ ಅವರ ಆಸ್ತಿ. ನಾನು ಹೋಗಿ ಅವರ ಮಣಿಕಟ್ಟು ಹಿಡಿದೆ.

“ಕೊಡಿ ಇಲ್ಲಿ. ನಾನು ತೆಗೀತೀನಿ. ನಾನೇ ಹಾಕಿದ್ದು ಅಂತೀನಿ.”

“ತೆಪ್ಪಗೆ ಹಿಂದೆ ನಿಂತ್ಕೋ” ಎಂದರು, ಹಲ್ಲು ಕಚ್ಚಿ. “ಬೀಗ ಹಾಕಿದ್ದು ನಾನು.”

“ಅತ್ತೆ...”

ಆ ದಿನ ಅವರು ಬೈಯಲಿಲ್ಲ.

“ಮೇಡಂ, ಒಂದ್ನಿಮಿಷ” ಎಂದು ಕೂಗಿ ಅತ್ತೆ ನೇರ ಬಟ್ಟೆ ಕೋಣೆಗೆ ನಡೆದು ಬೀಗ ತೆಗೆದು ಬಾಗಿಲನ್ನು ಪೂರ್ತಿ ತಳ್ಳಿದರು.

ಕಪಾಟಿನ ನಡುವಿನಿಂದ ಡ್ರೈವರನ ಹೆಂಡತಿ ಗಾಬರಿಯಲ್ಲಿ ಸೆರಗು ಎಳೆದುಕೊಂಡಳು. ಟೀಚರಮ್ಮ ಗೋಡೆಗೆ ಒರಗಿ ಕೂತಿದ್ದರು, ಹಣೆಯ ತುಂಬ ಬೆವರು. ಆಯಮ್ಮ ಒಂದು ದಿಂಬಿನ ಕವರಿನಿಂದ ಗಾಳಿ ಬೀಸುತ್ತಿದ್ದವಳು ಹಾಗೆಯೇ ಕೈ ನಿಲ್ಲಿಸಿದಳು.

ಮೇಡಂ ಒಳಗೆ ಹೋಗಿ ಕೂತು ಮೊದಲು ಎರಡೂ ಮಕ್ಕಳ ಮೈ ಮುಟ್ಟಿ ನೋಡಿದರು. ಆಮೇಲೆ ಎದ್ದು ಬಂದರು. ಅವರ ದನಿ ಬದಲಾಗಿತ್ತು.

“ಇವರನ್ನ ಇಲ್ಲಿ ಕೂಡಿಹಾಕಿದ್ದು ಯಾರು?”

“ನಾನು.”

“ಮ್ಯಾನೇಜರು ಹೇಳಿದ್ರಾ?”

ಮ್ಯಾನೇಜರು ಗೋಡೆಯ ಗಡಿಯಾರ ನೋಡುತ್ತಿದ್ದರು. ಅತ್ತೆ ಒಂದು ಕ್ಷಣ ಅವರ ಕಡೆ ನೋಡಿ, “ಚೊಕ್ಕಟ ಇರ್ಲಿ ಅಂದ್ರು. ಹೀಗೆ ಮಾಡಿದ್ದು ನಾನೇ. ಪ್ರತಿ ತಪಾಸಣೆಗೂ ಖಾಲಿ ಮಾಡಿಸ್ತೀನಿ. ಮಿಕ್ಕ ಮಂಚ ತಾರಸಿ ಮೇಲಿದೆ, ಬೇಕಾದ್ರೆ ಹತ್ತಿ ನೋಡಿ” ಎಂದರು.

“ಇದಕ್ಕೆ ನಿಮ್ಮ ಮೇಲೆ ಕ್ರಮ ಆಗುತ್ತೆ. ಗೊತ್ತಲ್ಲ?”

“ಗೊತ್ತು ಮೇಡಂ. ಏನು ಬರೀಬೇಕೋ ಬರೀರಿ. ಆದ್ರೆ ಅದಕ್ಕೂ ಮೊದಲು ಆಗಲೇ ಬರೆಸಿದ ಸಾಲು ಹೊಡೆದು ಹಾಕಿ.”

ಮೇಡಂ ಡ್ರೈವರನ ಹೆಂಡತಿಯನ್ನು ಕೇಳಿದರು, “ನಿಮ್ಮ ಮಂಚ ಯಾವುದಮ್ಮ?”

“ಕಿಟಕಿ ಪಕ್ಕದ್ದು” ಎಂದಳು ಅವಳು. “ನಂಗೆ ಅಲ್ಲಿಗೇ ಹೋಗ್ಬೇಕು, ಇಲ್ಲಿ ಸೆಖೆ ತಡೆಯಕ್ಕಾಗ್ತಿಲ್ಲ.”

ಅಷ್ಟು ಹೊತ್ತಿಗೆ ಸೈರನ್‌ಗೆ ಎಚ್ಚರವಾಯಿತು. ಮಹಾರಾಯ ಎಂಥ ದನಿ ತೆಗೆದನೆಂದರೆ ಎಕ್ಸ್-ರೇ ಕೋಣೆಯವರು ಇಣುಕಿ ನೋಡಿದರು. ಟೇಪಪ್ಪ ಟೇಪನ್ನು ಸುತ್ತಿ ಜೇಬಿಗಿಟ್ಟ. ನಾನು ಅಲ್ಲೇ ನೆಲದ ಮೇಲೆ ಕುಕ್ಕರಿಸಿ, ಚೆಲ್ಲಿದ ಕತ್ತರಿಗಳನ್ನು ಹೆಕ್ಕುವ ನೆಪದಲ್ಲಿ ಅತ್ತುಬಿಟ್ಟೆ.

ಮೇಡಂ ತಾರಸಿಗೂ ಹತ್ತಿದರು. ಕೆಳಗಿಳಿದು ಬಂದು ಗುಮಾಸ್ತನಿಂದ ಏನೇನೋ ಬರೆಸಿದರು. ಏನು ಬರೆಸಿದರೆಂದು ನಮಗೆ ಹೇಳಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ ನಮಗೇ ಗೊತ್ತು. ಅತ್ತೆಯನ್ನು ಮರುದಿನವೇ ಕೆಲಸದಿಂದ ಅಮಾನತು ಮಾಡಿದರು, ವಿಚಾರಣೆ ಮುಗಿಯುವವರೆಗೆ ವಾರ್ಡಿಗೆ ಕಾಲಿಡುವಂತಿಲ್ಲ ಎಂದರು. ಮಾರಾಟದ ಸುದ್ದಿ ಮಾತ್ರ ಇಲ್ಲ. ಅತ್ತೆ ಮನೆಯಲ್ಲಿ ಕೂತಲ್ಲಿ ಕೂರದೆ ಕಪಾಟು ಇಳಿಸಿ ಒರೆಸಿದರು, ಇದ್ದಬದ್ದ ಪಾತ್ರೆಯನ್ನೆಲ್ಲ ತಿಕ್ಕಿದರು. “ಯಾವ ಇಲಾಖೆಯೋರು ಬರ್ತಿದಾರೆ ಮನೆಗೆ?” ಎಂದು ರೇಗಿಸಿದೆ. ನಗಲಿಲ್ಲ. ಬೆನ್ನು ಹಾಕಿಯೇ, “ಮುಚ್ತಾರಾ?” ಎಂದು ಕೇಳಿದರು. ಕೆಲಸಕ್ಕೆ ಹೊರಟಾಗ ಓಣಿಯ ತುದಿಯವರೆಗೆ ಬಂದು ನಿಲ್ಲುತ್ತಿದ್ದರು. ಒಬ್ಬಳೇ ಗೇಟು ದಾಟುವಾಗ ನನಗೆ ಅಳು ಬರುತ್ತಿತ್ತು, ನಿಜ ಹೇಳುತ್ತೇನೆ.

ಕೊನೆಗೂ ಆದೇಶ ಬಂತು. ಮಾರಾಟಕ್ಕೆ ಒಪ್ಪಿಗೆ ಇದೆ. ಆದರೆ ಹೆರಿಗೆ ವಾರ್ಡನ್ನು ಮುಚ್ಚುವಂತಿಲ್ಲ, ಇರುವ ಮಂಚಗಳಲ್ಲಿ ಒಂದನ್ನೂ ಕಡಿಮೆ ಮಾಡುವಂತಿಲ್ಲ, ತಾರಸಿಯ ಮೇಲಿದ್ದವನ್ನೂ ಪರವಾನಗಿಗೆ ಸೇರಿಸಬೇಕು, ಇಲಾಖೆಯವರು ವರ್ಷವರ್ಷವೂ ಹೇಳದೆ ಕೇಳದೆ ಬಂದು ನೋಡುತ್ತಾರೆ. ನಾನು ಏದುಸಿರು ಬಿಡುತ್ತಾ ಓಣಿಯಲ್ಲಿ ಹೋಗಿ ಹೇಳಿದೆ. ಅತ್ತೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಟ್ಟು, “ಓಡ್ಕೊಂಡು ಬರಬೇಡ ಅಂತ ಎಷ್ಟು ಸಲ ಹೇಳಿದೀನಿ?” ಎಂದು ಬೈದರು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದೇ ತಿಂಗಳು, ಡಾಕ್ಟರು ಹೆದರಿದ್ದ ಹಾಗೆಯೇ ಆಯಿತು. ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವಳಿಗೆ ಕಾಲಿನ ಮೇಲೆ ಬೆಚ್ಚಗೆ ಏನೋ ಇಳಿಯಿತು. ನೋಡಿದರೆ ರಕ್ತ. ಕೂಗಲೂ ದನಿ ಬರಲಿಲ್ಲ. ಅತ್ತೆ ಹೇಗೆ ಬಂದರೋ, ನನ್ನ ತೋಳನ್ನು ಹೆಗಲಿಗೆ ಹಾಕಿಕೊಂಡು ಓಣಿ ದಾಟಿಸಿದರು. “ಬಂತು, ಬಂತು, ಇಲ್ಲೇ ಬಂತು” ಎನ್ನುತ್ತಲೇ ಇದ್ದರು. ಮೆಟ್ಟಿಲು ಹತ್ತಿಸಿ ವಾರ್ಡಿನ ಬಾಗಿಲಲ್ಲಿ ನನ್ನನ್ನು ಸ್ಟ್ರೆಚರಿಗೆ ಒಪ್ಪಿಸಿದರು. ವಿಚಾರಣೆ ಇನ್ನೂ ಮುಗಿದಿರಲಿಲ್ಲ, ತಾವೇ ಅಲ್ಲಿಗೇ ನಿಂತರು. ಯಾರೂ ತಡೆಯಲಿಲ್ಲ. ಬಾಗಿಲಿನ ಮೇಲೆ ‘ರೋಗಿಯ ಕಡೆಯವರು ಹೊರಗೆ ಕೂರಬೇಕು’ ಎಂಬ ಬೋರ್ಡು ಇತ್ತು. ಅದನ್ನು ಹಾಕಿಸಿದ್ದೇ ಅವರು. ಬಾಗಿಲು ಮುಚ್ಚುವಾಗ ಅವರು ಬೆಂಚಿನ ತುದಿಯಲ್ಲಿ ಕೂತದ್ದು ಕಂಡಿತು. ನನ್ನ ರಕ್ತ ಹತ್ತಿದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮುಂದಕ್ಕೆ ಚಾಚಿಕೊಂಡಿದ್ದರು.

ಹೆಣ್ಣು ಮಗು. ಬದುಕಿತು. ನಾನೂ.

ಮರುದಿನ ಭೇಟಿಯ ಹೊತ್ತಿನಲ್ಲಿ ಅತ್ತೆ ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಫ್ಲಾಸ್ಕು ಹಿಡಿದು ಒಳಗೆ ಬಂದರು. ನನ್ನದು ಕಿಟಕಿ ಪಕ್ಕದ ಮಂಚ. ಬಂದವರೇ ಮಂಚದ ಸರಳಿನ ಕೆಳಗೆ ಬೆರಳಾಡಿಸಿ ದೂಳು ನೋಡಿದರು.

“ನೀವೀಗ ರೋಗಿಯ ಕಡೆಯವರು ಅತ್ತೆ, ಸುಮ್ನೆ ಕೂತ್ಕೊಳ್ಳಿ” ಎಂದೆ.

“ಕೂತೇ ಇದೀನಲ್ಲ” ಎಂದು ಮಗುವನ್ನು ಎತ್ತಿಕೊಂಡರು. ವಾರ್ಡು ತುಂಬಿತ್ತು. ಬಕೆಟ್ಟು, ಬಟ್ಟೆ, ನೆಂಟರು, ಮೂಲೆಯಲ್ಲಿ ಯಾರದೋ ಮಗುವಿನ ರಂಪ. ಅತ್ತೆ ಸುತ್ತ ನೋಡಿದರು. ಎಲ್ಲೆಲ್ಲಿ ಏನೇನು ಸರಿಯಿಲ್ಲ ಎಂದು ಅವರ ಕಣ್ಣಿಗೆ ಬಿದ್ದಿತ್ತು, ಆದರೆ ಮಗುವಿನ ಹೊದಿಕೆಯನ್ನಷ್ಟೇ ಸರಿಮಾಡಿದರು.

ಭೇಟಿಯ ಹೊತ್ತು ಮುಗಿಯಿತು. ಗಂಟೆ ಹೊಡೆಯಲು ಬಂದ ಆಯಮ್ಮ ಗಂಟೆಯ ಹಗ್ಗ ಹಿಡಿದು ಅತ್ತೆಯನ್ನೇ ನೋಡುತ್ತಾ ನಿಂತಳು. ಕೈ ಏಳಲೊಲ್ಲದು. ಇಷ್ಟು ವರ್ಷ ಆ ಗಂಟೆ ಹೊಡೆಸಿ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದವರು ಅತ್ತೆ.

ಅತ್ತೆ ಮಗುವನ್ನು ನನ್ನ ಪಕ್ಕ ಮಲಗಿಸಿ, ಹಾಸಿನ ಸುಕ್ಕು ಎಳೆದು ಸರಿಮಾಡಿ, ಖಾಲಿ ಫ್ಲಾಸ್ಕು ಎತ್ತಿಕೊಂಡರು.

“ಹೊಡಿ ಆಯಮ್ಮ, ಹೊತ್ತಾಯ್ತು” ಎಂದು ಹೇಳಿ, ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಹೋದರು.